ಡಬ್ಬಿ ಕಾರು, ಅರ್ಧ ನಿಂಬೆಹಣ್ಣು

ನಮ್ಮ ಚಿಕ್ಕಮಾವನವರ ಕಾರು ಪೆಟ್ರೋಲಿನಿಂದ ಓಡುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಓಡುತ್ತಿದ್ದುದು ಉಪದೇಶದಿಂದ. ಪೆಟ್ರೋಲು ನೆಪಕ್ಕೆ ಮಾತ್ರ. ಮಧುಗಿರಿಯಿಂದ ಕೊರಟಗೆರೆಗೆ ಹೋಗಿ ಬರುವಷ್ಟರಲ್ಲಿ ಅವರ ಬಾಯಿಂದ ಉದುರುತ್ತಿದ್ದ ಸಲಹೆಗಳನ್ನೆಲ್ಲ ಟ್ಯಾಂಕಿಗೆ ಸುರಿಯುವಂತಿದ್ದರೆ ನಾವು ಕಾಶಿಗೆ ಹೋಗಿ ವಾಪಸು ಬಂದು, ಇನ್ನೊಂದು ಸಲ ಹೋಗಬಹುದಿತ್ತು!

ಚಿಕ್ಕಮಾವ ಎಂದರೆ ನಮ್ಮ ಯಜಮಾನರ ಚಿಕ್ಕಪ್ಪ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲಗದ್ದೆಗಳ ಮೇಲೆ ಸರಪಳಿ ಎಳೆಸಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತು, ಅವರು ಅಳತೆಯನ್ನು ಬಿಡಲಿಲ್ಲ. ನಾನು ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನ ಎಲ್ಲರೂ ಹೊಸ ಸೊಸೆಯ ಮುಖ ನೋಡುತ್ತಿದ್ದರೆ, ಅವರು ಮಾತ್ರ ನಾನು ಒದ್ದ ಅಕ್ಕಿಯ ಸೇರು ಎಷ್ಟು ದೂರ ಉರುಳಿತು ಎಂದು ಗೇಣು ಹಾಕುತ್ತಿದ್ದರು. ಮೂರೂವರೆ ಗೇಣಂತೆ. ಆಮೇಲೆ ಎಷ್ಟೋ ವರ್ಷ, ನನ್ನ ಮೇಲೆ ಪ್ರೀತಿ ಬಂದಾಗಲೆಲ್ಲ ಆ ಲೆಕ್ಕವನ್ನು ನೆನಪಿಸುತ್ತಿದ್ದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ, ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ಅವರು ಒಂದು ಹಳೆಯ ಕಾರು ಕೊಂಡರು. ಕಪ್ಪು ಬಣ್ಣ, ಗುಂಡು ಬೆನ್ನು, ಬಾಗಿಲು ಹಾಕಿದರೆ ಅವಲಕ್ಕಿ ಡಬ್ಬಿಯ ಮುಚ್ಚಳ ಹಾಕಿದ ಸದ್ದು. ಊರಿನವರು ಅದನ್ನು ಡಬ್ಬಿ ಕಾರು ಎಂದು ಕರೆದದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಆದರೆ ಆ ಕಾರು ಷೋಕಿಗೆ ಬಂದದ್ದಲ್ಲ. ಚಿಕ್ಕತ್ತೆಗಾಗಿ ಬಂದದ್ದು.

ಚಿಕ್ಕತ್ತೆಗೆ ವಾಹನ ಆಗುತ್ತಿರಲಿಲ್ಲ. ಬಸ್ಸು ಹತ್ತುವುದಿರಲಿ, ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗಲೇ ಸೆರಗು ಮೂಗಿಗೆ ಹೋಗುತ್ತಿತ್ತು. ಅವರಿಗಿದ್ದ ತವರು ಎಂದರೆ ಒಬ್ಬಳೇ ಅಕ್ಕ, ಪಾವಗಡದ ಆಚೆ ವೈ.ಎನ್. ಹೊಸಕೋಟೆಯಲ್ಲಿ. ತಾಯಿಯಿಲ್ಲದ ತಂಗಿಯನ್ನು ತಲೆ ಬಾಚಿ, ಜಡೆ ಹಾಕಿ ಬೆಳೆಸಿದ ಅಕ್ಕ. ಅವರ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಎತ್ತಿನ ಗಾಡಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಹೋಗಲು ಎರಡು ದಿನ, ಬರಲು ಎರಡು ದಿನ. ಮನೆಯಲ್ಲಿ ಚಿಕ್ಕಮಾವನವರ ತಾಯಿ, ನಮ್ಮ ಅಜ್ಜಿ, ತೊಂಬತ್ತರ ಹತ್ತಿರ ಬಂದವರು. ಚಿಕ್ಕತ್ತೆ ಮಡಿಯಲ್ಲಿ ಮಾಡಿ ಬಡಿಸಿದ್ದನ್ನು ಬಿಟ್ಟರೆ ಬೇರೆ ಯಾರ ಕೈಯದ್ದನ್ನೂ ಬಾಯಿಗೆ ಇಡುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿ ಬಂದ ನನ್ನ ಕೈಯದ್ದನ್ನಂತೂ ಕೇಳಲೇಬೇಡಿ! ಅಜ್ಜಿ ಹಾಲು, ಬಾಳೆಹಣ್ಣಿನಲ್ಲಿ ಒಂದು ಹಗಲು ಕಳೆದಾರು, ಅಷ್ಟೆ. ಬೆಳಿಗ್ಗೆ ಹೋಗಿ ಸಂಜೆ ಬರಬೇಕೆಂದರೆ ಕಾರೊಂದೇ ದಾರಿ. ಕಾರಿನಲ್ಲಿ ಕೂತರೆ ವಾಂತಿ. ಸಮಸ್ಯೆ ಇಷ್ಟೇ. ಚಿಕ್ಕಮಾವ ಇದನ್ನು ತಗಾದೆಯಲ್ಲಿರುವ ಸರ್ವೆ ನಂಬರಿನಂತೆ ಕೈಗೆತ್ತಿಕೊಂಡರು.

ಸರ್ವೆ ಎಂದ ಮೇಲೆ ದಾಖಲೆ ಬೇಕಲ್ಲ. ನನ್ನ ಅಕ್ಷರ ದುಂಡಗಿತ್ತು. ಕಾನ್ವೆಂಟಿನ ಸಿಸ್ಟರ್ ಒಬ್ಬರು ನನ್ನ ಬೆರಳ ಗೆಣ್ಣುಗಳ ಮೇಲೆ ರೂಲು ದೊಣ್ಣೆಯಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದ್ದರು. ಅದರ ಫಲವಾಗಿ ನಾನು ಹಿಂದಿನ ಸೀಟಿನಲ್ಲಿ ಪೆನ್ಸಿಲ್ ಹಿಡಿದು ಕೂರುವ ಗುಮಾಸ್ತೆಯಾದೆ. "ಕಾನ್ವೆಂಟಮ್ಮ, ಬರ್ಕೋ" ಎಂದು ಚಿಕ್ಕಮಾವ ಮುಂದಿನಿಂದ ಹೇಳುವರು. ನಾನು ಕುಲುಕಾಟದಲ್ಲಿ ಸೂತ್ರ ಬರೆದುಕೊಳ್ಳುವೆ. ಅವರು ಅವನ್ನು ಸೂತ್ರ ಎಂದೇ ಕರೆಯುತ್ತಿದ್ದರು.

ಮೊದಲನೆಯ ಸೂತ್ರ ಹೀಗಿತ್ತು: ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆಗೇ ಇರಬೇಕು, ಎದುರುಗಡೆ ಇರಬಾರದು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಯಿತು. ಬಹಳ ಒಳ್ಳೆಯ ಸೂತ್ರ. ಅದನ್ನು ಬರೆಸುವಾಗ ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು ಎಂಬುದನ್ನು ಮಾತ್ರ ಬರೆಯಲು ಬಿಡಲಿಲ್ಲ.

ಗಾಡಿ ಹೊಡೆಯುವವನು ಮಲಗಿದ್ದರೆ ಹಾರನ್ ಒತ್ತಬಾರದು, ಎತ್ತಿಗೆ ದಾರಿ ಗೊತ್ತಿರುತ್ತದೆ, ಎದ್ದವನಿಗೆ ಗೊತ್ತಿರುವುದಿಲ್ಲ ಎನ್ನುವುದು ಇನ್ನೊಂದು. ಇದು ಎಷ್ಟು ನಿಜವೆಂದರೆ, ಹಾರನ್ ಕೇಳಿ ಗಾಬರಿಯಿಂದ ಎದ್ದು ಹಗ್ಗವನ್ನು ನಮ್ಮ ಕಡೆಗೇ ಎಳೆದವರನ್ನು ನಾನೇ ಮೂರು ಸಲ ನೋಡಿದ್ದೇನೆ. ಎತ್ತುಗಳು ಮಾತ್ರ ಪ್ರತಿಸಲವೂ ನಮ್ಮನ್ನು ಕ್ಷಮಿಸಿ ಎಂಬಂತೆ ನೋಡಿದವು.

ಮೈಲಿಕಲ್ಲನ್ನು ನಂಬಬಾರದು. ಏಕೆ? "ಅದನ್ನ ನೆಟ್ಟೋನು ನನಗೆ ಗೊತ್ತು" ಎನ್ನುತ್ತಿದ್ದರು. ಹಾಗಾದರೆ ದೂರ ತಿಳಿಯುವುದು ಹೇಗೆ? ಜನರನ್ನು ಕೇಳಿ. ನಮ್ಮ ಕಡೆ ಯಾರನ್ನು ಕೇಳಿದರೂ "ಇಲ್ಲೇ, ಕೂಗಳತೆ" ಎನ್ನುತ್ತಾರಲ್ಲ, ಆ ಕೂಗಳತೆಯನ್ನು ಮೈಲಿಗೆ ಪರಿವರ್ತಿಸಲು ಚಿಕ್ಕಮಾವ ಒಂದು ಪಟ್ಟಿಯನ್ನೇ ಮಾಡಿದ್ದರು. ಕೈಬೀಸಿಕೊಂಡು ಬರುವವನು ಹೇಳಿದ ಕೂಗಳತೆ ಒಂದು ಮೈಲಿ. ತಲೆಯ ಮೇಲೆ ಹೊರೆಯಿದ್ದವಳು ಹೇಳಿದರೆ ಅರ್ಧ ಮೈಲಿ, ಏಕೆಂದರೆ ಅವಳಿಗೆ ದೂರದ ಭಾರ ಗೊತ್ತು. ಕಟ್ಟೆಯ ಮೇಲೆ ಕೂತವನು ಹೇಳಿದರೆ ಮೂರರಿಂದ ಗುಣಿಸಬೇಕು, ಅವನು ಆ ಊರಿಗೆ ಹೋಗಿ ಎಷ್ಟು ಕಾಲವಾಯಿತೋ. ಒಮ್ಮೆ ತೋವಿನಕೆರೆಯ ದಾರಿಯಲ್ಲಿ ಕಟ್ಟೆಯ ಮೇಲೆ ಮಲಗಿಯೇ ಇದ್ದವನೊಬ್ಬ ಏಳದೆ, ಬರೀ ಕಾಲಿನ ಹೆಬ್ಬೆರಳಿನಿಂದ ದಿಕ್ಕು ತೋರಿಸಿ "ಇಲ್ಲೇ ಕಣ್ಸೋಮಿ" ಎಂದ. ಚಿಕ್ಕಮಾವ ಸ್ವಲ್ಪ ಯೋಚಿಸಿ ಕಾರು ಹಿಂದಕ್ಕೆ ತಿರುಗಿಸಿ, "ಇವತ್ತು ಸೇರಲ್ಲ, ಬರ್ಕೋ" ಎಂದರು.

ರಸ್ತೆಯ ಮೇಲೆ ಒಕ್ಕಣೆ ಸಿಕ್ಕರಂತೂ ಅವರ ದಿನವೇ ಸಾರ್ಥಕ. ಟಾರು ರಸ್ತೆ ಬಂದ ಹೊಸತು. ರಾಗಿ ಕುಯ್ಲು ಮುಗಿದ ಮೇಲೆ ಕೊರಟಗೆರೆ ದಾರಿಯ ಹಳ್ಳಿಗಳವರು ತೆನೆ ಸಮೇತ ಹುಲ್ಲನ್ನು ರಸ್ತೆಗೆ ಹರಡಿಬಿಡುತ್ತಿದ್ದರು. ಹೋಗಿಬರುವ ಬಸ್ಸು, ಲಾರಿಗಳ ಚಕ್ರವೇ ತೆನೆ ಒಕ್ಕುವ ರೋಣಗಲ್ಲು. ಡ್ರೈವರುಗಳು ಬೈದುಕೊಂಡು ನಡುಮಧ್ಯದಲ್ಲಿ ಹಾದುಹೋಗುತ್ತಿದ್ದರು. ನಮ್ಮ ಚಿಕ್ಕಮಾವ ಹಾಗಲ್ಲ. ಇಳಿದು, ಹುಲ್ಲನ್ನು ಕೈಯಲ್ಲಿ ಎತ್ತಿ ನೋಡಿ, ಯಾವ ಅಂಚು ಉದುರಿಲ್ಲ ಎಂದು ವಿಚಾರಿಸಿ, ಎಡದ ಅಂಚಿಗೊಂದು ಬಲದ ಅಂಚಿಗೊಂದು ಸಾಲು ಹಿಡಿದು ಹೊಲ ಅಳೆದಂತೆ ಓಡಿಸುವರು. ಹಳ್ಳಿಯವರಿಗೆ ಅವರು ದೇವರು. ಇದಕ್ಕೂ ಒಂದು ಸೂತ್ರವಿತ್ತು, ಹತ್ತೊಂಬತ್ತನೆಯದು: ಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದು, ಕೆಳಗಿನ ಕಾವಿಗೆ ಬೆಂಕಿ ಹತ್ತುತ್ತದೆ. ಈ ಸೂತ್ರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇದೆಲ್ಲ ಸರಿ, ವಾಂತಿಯ ಕಥೆ ಏನಾಯಿತು ಎನ್ನುತ್ತೀರಿ. ಪ್ರಯೋಗಗಳು ನಡೆದೇ ಇದ್ದವು. ವಾರಕ್ಕೊಮ್ಮೆ ಚಿಕ್ಕತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಿದ್ದರಬೆಟ್ಟದ ಕಡೆ ಹೊರಡುವೆವು. ಕೈಯಲ್ಲಿ ಅರ್ಧ ನಿಂಬೆಹಣ್ಣು ಅಂತೂ ಕಾಯಂ. ಪೆಟ್ರೋಲ್ ವಾಸನೆ ಮುಚ್ಚಲೆಂದು ಒಂದು ವಾರ ಕಾರಿನ ತುಂಬ ಮರುಗ, ದವನ. ಒಂದು ವಾರ ಬಾಯಲ್ಲಿ ಒಣಗಿದ ನೆಲ್ಲಿಚೆಟ್ಟು. ಹೊಟ್ಟೆಗೆ ನ್ಯೂಸ್‌ಪೇಪರ್ ಕಟ್ಟಿಕೊಂಡರೆ ವಾಂತಿ ಬರುವುದಿಲ್ಲ ಎಂದು ತುಮಕೂರಿನಲ್ಲಿ ಯಾರೋ ಹೇಳಿದರಂತೆ. ಮೊದಲು ಇಂಗ್ಲಿಷ್ ಪೇಪರ್ ಕಟ್ಟಿದರು. ಮೂರು ಮೈಲಿಗೆ ಸೋತಿತು. ಮುಂದಿನ ವಾರ ಕನ್ನಡ ಪೇಪರ್. ಐದು ಮೈಲಿ ಬಂತು! "ನೋಡಿದ್ಯಾ, ಒಳಗಿರೋದಕ್ಕೆ ಭಾಷೆ ಒಗ್ಗಬೇಕು" ಎಂದು ಚಿಕ್ಕಮಾವ ಗಂಭೀರವಾಗಿ ಬರೆಸಿದರು. ಇನ್ನೊಮ್ಮೆ, ಮುಂದಕ್ಕೆ ಹೋದರೆ ತಾನೇ ಹೊಟ್ಟೆ ತೊಳಸುವುದು ಎಂದು ಎರಡು ಫರ್ಲಾಂಗು ಕಾರನ್ನು ಹಿಂದುಹಿಂದಕ್ಕೇ ಓಡಿಸಿದರು. ಆ ಸಲ ನನಗೂ ಆಯಿತು.

ಸಿದ್ದರಬೆಟ್ಟಕ್ಕೆ ನಾವು ಒಟ್ಟು ಏಳು ಸಲ ಹೊರಟೆವು. ಬೆಟ್ಟವನ್ನು ನಾನು ದೂರದಿಂದ ಮಾತ್ರ ನೋಡಿದ್ದೇನೆ.

ಪ್ರತಿಸಲವೂ ಚಿಕ್ಕತ್ತೆ ತಾವೇ ಇಳಿದು, ನೀರಿನ ಚೀಲದಿಂದ ಬಾಯಿ ಮುಕ್ಕಳಿಸಿ, ಮಡ್‌ಗಾರ್ಡನ್ನೂ ತಾವೇ ತೊಳೆದು, "ನಿಮ್ಮ ಸೂತ್ರ ಕೆಡಿಸಿಬಿಟ್ಟೆ" ಎಂದು ಗಂಡನ ಮುಖ ನೋಡದೆ ಹೇಳಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಮತ್ತೆ ಬಂದು ಕೂರುತ್ತಿದ್ದರು. ಅವರ ಕೈಯಲ್ಲಿನ ನಿಂಬೆಹೋಳಿನ ಮೇಲೆ ನಾಲ್ಕು ಉಗುರಿನ ಗುರುತು ಇರುತ್ತಿತ್ತು. ಚಿಕ್ಕಮಾವ ಅದನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ರಸ್ತೆಯ ಮೇಲೆ.

ಹೀಗಿರುವಾಗ ಹೊಸಕೋಟೆಯಿಂದ ಒಂದು ಕಾರ್ಡು ಬಂತು. ಯಾವಾಗಲೂ ಅಕ್ಕನ ಓರೆಯಕ್ಷರ ಇರುತ್ತಿತ್ತು. ಈ ಸಲ ಬೇರೆ ಯಾರದೋ ಅಕ್ಷರ. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಹಾಸಿಗೆ ಹಿಡಿದಿದ್ದಾರೆ, ಇನ್ನು ಎದ್ದು ಓಡಾಡುವುದು ಕಷ್ಟ. ಕೊನೆಯ ಸಾಲು ಮಾತ್ರ ಅಕ್ಕ ಹೇಳಿ ಬರೆಸಿದ್ದು: ನಿನ್ನ ತಲೆಕೂದಲು ಬೆಳ್ಳಗಾಗಿದೆಯೋ ಇಲ್ಲವೋ, ಯಾರನ್ನು ಕೇಳಿದರೂ ಹೇಳುವವರಿಲ್ಲ.

ಚಿಕ್ಕತ್ತೆ ಆ ಕಾರ್ಡನ್ನು ಓದಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟರು. ಮಧ್ಯಾಹ್ನ ತೆಗೆದು ಮತ್ತೆ ಓದಿದರು. ಸಂಜೆಗೆ ಕಾರ್ಡಿನ ಮೂಲೆ ಎಣ್ಣೆಯಾಗಿತ್ತು.

ಮರುದಿನವೇ ಹೊರಟೆವು. ನಿಂಬೆ, ನೆಲ್ಲಿಚೆಟ್ಟು, ದವನ, ಕನ್ನಡ ಪೇಪರ್, ಎಲ್ಲ ಸೂತ್ರಗಳೂ ಒಟ್ಟಿಗೆ. ಮಿಡಿಗೇಶಿಯ ಹತ್ತಿರ ಒಂದು ಹುಣಸೆಮರದ ಕೆಳಗೆ ಇಳಿಸಿದಾಗ ಚಿಕ್ಕತ್ತೆಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. "ಮುಂದಕ್ಕೇ ನಡೀರಿ, ಏನಾಗಲ್ಲ" ಎಂದರು. ತುಟಿ ಬಿಳಿಚಿತ್ತು. ಚಿಕ್ಕಮಾವ ಕಾರು ಮನೆಯ ಕಡೆಗೆ ತಿರುಗಿಸಿದರು. ವಾಪಸು ಬರುವಾಗ ಒಂದೇ ಒಂದು ಉಪದೇಶವಿಲ್ಲ. ಮಲಗಿದ್ದ ಗಾಡಿಯವನೊಬ್ಬನನ್ನು ಹಾರನ್ ಒತ್ತಿ ಎಬ್ಬಿಸಿಯೇಬಿಟ್ಟರು. ಆಗ ನನಗೆ ನಿಜವಾಗಿ ಭಯವಾಯಿತು.

ಆ ಪ್ರಯಾಣದಲ್ಲಿ ಕಾರಿಗೂ ಏನೋ ಆಗಿ ಕೆಮ್ಮತೊಡಗಿತ್ತು. ಮುಂದಿನ ವಾರ ಶಿರಾಕ್ಕೆ ರಿಪೇರಿಗೆ ಒಯ್ದರು. ಗುಮಾಸ್ತೆಯಾಗಿ ನಾನೂ ಹೋದೆ. ಅಲ್ಲಿನ ಮೆಕ್ಯಾನಿಕ್ ಸಾಹೇಬರು ಹಳಬರು, ಬಿಳಿಯ ಗಡ್ಡದ ತುದಿಗೆ ಮಾತ್ರ ಸದಾ ಗ್ರೀಸು. ಕಾರಿನ ಕಾಯಿಲೆಗಿಂತ ಮೊದಲು ಹೆಂಡತಿಯ ಕಾಯಿಲೆ ಹೇಳಿಕೊಂಡ ಗಿರಾಕಿಯನ್ನು ಅವರು ಅದೇ ಮೊದಲು ನೋಡಿದ್ದಿರಬೇಕು. ಎಲ್ಲ ಸೂತ್ರಗಳನ್ನೂ ತಾಳ್ಮೆಯಿಂದ ಕೇಳಿ, ಸ್ಪ್ಯಾನರ್ ಒರೆಸುತ್ತ ಹೇಳಿದರು: "ನೋಡಿ ಸಾಬ್, ಮೂವತ್ ಸಾಲ್ ಆಯ್ತು ಲಾರಿ, ಬಸ್ಸು ಎಲ್ಲಾ ಬಿಚ್ಚಿ ಕಟ್ಟಿ. ಉಲ್ಟಿ ಮಾಡೋ ಕ್ಲೀನರ್ ನೋಡಿದೀನಿ, ಕಂಡಕ್ಟರ್ ನೋಡಿದೀನಿ. ಡ್ರೈವರ್ ಉಲ್ಟಿ ಮಾಡಿದ್ದು ಒಬ್ಬನ್ನೂ ನೋಡಿಲ್ಲ."

"ಬರ್ಕೋ ಕಾನ್ವೆಂಟಮ್ಮ" ಎಂದರು ಚಿಕ್ಕಮಾವ. ಮೂವತ್ತೇಳನೆಯ ಸೂತ್ರ. ಬರೆದುಕೊಂಡೆ. ಬರೆಸಿದವರಿಗೂ ಅದರಲ್ಲಿ ಏನಿದೆ ಎಂದು ಹೊಳೆಯಲಿಲ್ಲ, ಬರೆದ ನನಗೂ ಹೊಳೆಯಲಿಲ್ಲ. ಇಬ್ಬರೂ ಓದಿದವರಲ್ಲವೇ!

ಹೊಳೆದದ್ದು ಚಿಕ್ಕತ್ತೆಗೆ. ಸಂಜೆ ಅವರು ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಹೊಸ ಸೂತ್ರಗಳನ್ನು ಓದಿ ಹೇಳಿದೆ. ಅವರ ಬೆರಳು ನಿಂತಿತು. "ಇನ್ನೊಂದ್ಸಲ ಓದು" ಎಂದರು. ಓದಿದೆ. ಮತ್ತೆ ಸುಲಿಯತೊಡಗಿದರು. ಆಮೇಲೆ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಕಾಳನ್ನು ಸಿಪ್ಪೆಯ ಮೊರಕ್ಕೂ ಹಾಕುತ್ತಿದ್ದುದನ್ನು ನಾನು ನೋಡಿದೆ, ಹೇಳಲಿಲ್ಲ.

ರಾತ್ರಿಯ ಊಟಕ್ಕೆ ಮಜ್ಜಿಗೆ ಬಡಿಸುವಾಗ ಹೇಳಿದರು. "ರೀ, ಹೊಸಕೋಟೆಗೆ ಕಾರು ನಾನೇ ಹೊಡ್ಕೊಂಡು ಹೋಗ್ತೀನಿ."

ಆ ಕಾರಿನ ಸ್ಟೀರಿಂಗ್ ಚಕ್ರದ ಧೂಳು ಒರೆಸಲೂ ಚಿಕ್ಕಮಾವ ಬೇರೆಯವರನ್ನು ಬಿಟ್ಟವರಲ್ಲ. ನಮ್ಮ ಯಜಮಾನರು ಒಮ್ಮೆ ಬರೀ ಹಾರನ್ ಒತ್ತಿ ನೋಡಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅವರು ಮಜ್ಜಿಗೆಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, "ಅದು ಹೊಲಿಗೆ ಮಿಷನ್ ಅಲ್ಲ ಕಣೇ" ಎಂದರು.

"ಅದನ್ನೂ ಕಾಲಲ್ಲೇ ತುಳಿಯೋದು. ಇಪ್ಪತ್ತು ವರ್ಷದಿಂದ ತುಳೀತಾ ಇದೀನಿ" ಎಂದರು ಚಿಕ್ಕತ್ತೆ. "ಇನ್ನೊಂಚೂರು ಅನ್ನ ಹಾಕ್ಲಾ?"

ಚಿಕ್ಕಮಾವ ಅನ್ನ ಬೇಡ ಎಂದರು. ಮರುದಿನ ಇಡೀ ಬೆಳಿಗ್ಗೆ ಕಾರಿನಲ್ಲಿ ಒಬ್ಬರೇ ಕೂತಿದ್ದರು. ಕಾರು ನಿಂತೇ ಇತ್ತು. ಅದರ ಮರುದಿನ ನಾನು ಹಿತ್ತಲಿನಿಂದ ಬರುತ್ತೇನೆ, ಚಿಕ್ಕತ್ತೆ ನಡುಮನೆಯ ಕಂಬಕ್ಕೆ ಒರಗಿ ನಾಚಿಕೊಂಡು ನಿಂತಿದ್ದಾರೆ, ಚಿಕ್ಕಮಾವ ನೆಲದ ಮೇಲೆ ಕೂತು ಟೇಪು ಹಿಡಿದು ಅವರ ಹಿಮ್ಮಡಿಯಿಂದ ಮಂಡಿಯವರೆಗೆ ಅಳೆಯುತ್ತಿದ್ದಾರೆ! ಅಜ್ಜಿ ಮಂಚದಿಂದಲೇ ಕಣ್ಣು ಕಿರಿದು ಮಾಡಿ ನೋಡಿ ಕೇಳಿದರು, "ಏನೋ ಅದು, ರವಿಕೆಗೆ ಅಳತೇನೋ?"

"ಅಲ್ಲಮ್ಮ, ಕ್ಲಚ್ಚಿಗೆ" ಎಂದರು ಚಿಕ್ಕಮಾವ.

ಅಳತೆಯ ಪ್ರಕಾರ ಚಿಕ್ಕತ್ತೆಯ ಕಣ್ಣು ಸ್ಟೀರಿಂಗಿನ ಮೇಲಕ್ಕೆ ಬರಲು ನಾಲ್ಕು ಅಂಗುಲ ಕಡಿಮೆ. ಊಟಕ್ಕೆ ಕೂರುವ ಮಣೆಗಳಲ್ಲಿ ಎರಡನ್ನು ಸೀಟಿನ ಮೇಲೆ ಹಾಕಿದರೆ ಸರಿಹೋಯಿತು. ಸೀರೆಯ ಬಗ್ಗೆ ನಾನು ಚಿಂತೆಪಟ್ಟಿದ್ದೆ. ಆದರೆ ಅವರು ಉಡುತ್ತಿದ್ದುದು ಕಚ್ಚೆ ಹಾಕಿದ ಹದಿನೆಂಟು ಮೊಳದ ಸೀರೆ. ಕಾಲು ಆಡಿಸಲು ಅದರಷ್ಟು ಅನುಕೂಲದ ಉಡುಪು ಇನ್ನೊಂದಿಲ್ಲ ಎಂದು ನಾನೇ ಸೂತ್ರ ಬರೆದು ಸೇರಿಸಿದೆ. ಚಿಕ್ಕಮಾವ ತುಮಕೂರಿಗೆ ಓಡಾಡಿ ಕಲಿಯುವವರ ಲೈಸೆನ್ಸು ಮಾಡಿಸಿ, ಕೆಂಪು ಬಣ್ಣದಲ್ಲಿ ಎಲ್ ಬೋರ್ಡನ್ನು ತಾವೇ ಬರೆದರು. ಅಕ್ಷರದ ಎರಡು ಗೆರೆಗಳ ನಡುವಿನ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇತ್ತು.

ಕಲಿಸುವುದು ಎಲ್ಲಿ? ಊರೊಳಗೆ ಜನ. ಹೊರಗೆ ಹಳ್ಳ. ಆಗ ನೆನಪಾದದ್ದು ಒಕ್ಕಣೆ. ರಾಗಿಯ ಕಾಲ ಅದು. ಕೊರಟಗೆರೆ ದಾರಿಯಲ್ಲಿ ಅರ್ಧ ಫರ್ಲಾಂಗು ಮೆತ್ತನೆಯ ಹುಲ್ಲು ಹಾಸಿದ ರಸ್ತೆ. ಹಳ್ಳಿಯವರಿಗೆ ಬೇಕಾದದ್ದು ನಿಧಾನವಾಗಿ ಹಿಂದೆ ಮುಂದೆ ಹೋಗುವ ಚಕ್ರ. ಚಿಕ್ಕತ್ತೆಗೆ ಬೇಕಾದದ್ದು ನಿಧಾನವಾಗಿ ಹಿಂದೆ ಮುಂದೆ ಹೋಗುವುದು. ಇದಕ್ಕಿಂತ ಒಳ್ಳೆಯ ಡ್ರೈವಿಂಗ್ ಶಾಲೆ ಲಂಡನ್ನಿನಲ್ಲೂ ಇರಲಾರದು!

ಮೊದಲ ದಿನ ಚಿಕ್ಕತ್ತೆ ಕಾರು ಹೊರಡಿಸಿದರು. ಕುಪ್ಪಳಿಸುತ್ತ ಹುಲ್ಲಿನ ಮೇಲೆ ಬಂತು. ಹೆದರಿ ಬ್ರೇಕಿನ ಮೇಲೆ ಕಾಲಿಟ್ಟರು. ಹತ್ತೊಂಬತ್ತನೆಯ ಸೂತ್ರ ನೆನಪಿದೆಯಲ್ಲ? ಚಿಕ್ಕಮಾವ "ನಿಲ್ಲಿಸಬೇಡ, ಬೆಂಕಿ" ಎಂದು ಕೂಗಿದರು. ಪಾಪ, ಕಾಲು ತೆಗೆದರು. ಹೀಗೆ ನಮ್ಮ ಚಿಕ್ಕತ್ತೆ ನಿಲ್ಲಿಸುವುದನ್ನು ಕಲಿಯುವ ಮೊದಲು ನಿಲ್ಲಿಸದೆ ಇರುವುದನ್ನು ಕಲಿತರು.

ರಾಗಿಯ ಒಡತಿ, ಸೊಂಟಕ್ಕೆ ಸೆರಗು ಬಿಗಿದ ಒಬ್ಬ ಹೆಂಗಸು, ಮೊದಲಿಗೆ ಬಾಯಿ ಬಿಟ್ಟುಕೊಂಡು ನೋಡಿದಳು. ಎರಡನೆಯ ದಿನ ಕಾರಿನ ಪಕ್ಕದಲ್ಲೇ ನಡೆಯುತ್ತ ಮೇಸ್ತ್ರಿಯಾದಳು. "ಅಮ್ಮಾರೇ, ಈ ಮಗ್ಗುಲು ಇನ್ನೂ ಉದ್ರಿಲ್ಲ, ಇನ್ನೊಂದ್ ಕಿತ ಬಂದ್ಬುಡಿ. ಅಂಗೇ, ಅಂಗೇ. ಗಂಡುಸ್ರು ಮದ್ಯಕ್ಕೇ ಒಡ್ಕಂಡೋಯ್ತಾರೆ ಕಣಮ್ಮ, ಅಂಚು ಯಾರಿಗೂ ಬ್ಯಾಡ." ಚಿಕ್ಕಮಾವನ ಕಡೆ ತಿರುಗಿ, "ನೀವು ಕೆಳೀಕ್ ಇಳೀರಿ ಸೋಮಿ, ನೀವು ಕೂಗಿದ್ರೆ ಅಮ್ಮಾರ ಕೈ ನಡುಗ್ತದೆ" ಎಂದಳು. ಮೂವತ್ತು ವರ್ಷ ಜನರನ್ನು ಹೊಲದಿಂದ ಆಚೆ ನಿಲ್ಲಿಸಿದ ಸರ್ವೆ ಅಧಿಕಾರಿ ಬದುವಿನ ಮೇಲೆ ಹೋಗಿ ನಿಂತರು. ಅವರು ಇಳಿದ ಮೇಲೆ ಕಾರು ಕುಪ್ಪಳಿಸುವುದು ಕಡಿಮೆಯಾಯಿತು ಎಂಬುದನ್ನು ನಾನು ಗಮನಿಸಿದೆ. ಬರೆಯಲಿಲ್ಲ.

ಹದಿನೈದು ದಿನ. ಮೂರು ಹಳ್ಳಿಯ ರಾಗಿ ಒಕ್ಕಿದೆವು. ನಮ್ಮ ತಲೆಯಲ್ಲಿ, ಕಿವಿಯಲ್ಲಿ, ಊಟದ ಡಬ್ಬಿಯಲ್ಲಿ ಹೊಟ್ಟು. ಒಂದು ದಿನವೂ ಚಿಕ್ಕತ್ತೆ ನಿಂಬೆಹಣ್ಣು ಕೇಳಲಿಲ್ಲ.

ಹೊಸಕೋಟೆಗೆ ಹೊರಟ ದಿನ ಇನ್ನೂ ಮಬ್ಬುಗತ್ತಲೆ. ಅಜ್ಜಿಗೆ ಹಾಲು ಹಣ್ಣು ಇಟ್ಟು, ದೇವರಿಗೆ ಕೈಮುಗಿದು, ಮಣೆಗಳ ಮೇಲೆ ಕೂತರು ಚಿಕ್ಕತ್ತೆ. ಹಿಂದೆ ನಾನು, ಸೂತ್ರದ ಪುಸ್ತಕ. ಎಲ್ ಬೋರ್ಡಿರುವ ತನಕ ಪಕ್ಕದಲ್ಲಿ ಲೈಸೆನ್ಸಿದ್ದವರು ಕೂರಬೇಕೆಂಬುದು ಕಾನೂನು, ಹಾಗಾಗಿ ಎಡಗಡೆ ಚಿಕ್ಕಮಾವ. ಆ ಸೀಟಿನಲ್ಲಿ ಕೂತು ಅವರು ಅಷ್ಟು ದೂರ ಹೋಗುವುದು ಅದೇ ಮೊದಲು. ಊರು ದಾಟುವಷ್ಟರಲ್ಲಿ ಹನ್ನೆರಡು ಸಲಹೆ ಕೊಟ್ಟರು. ಗೇರ್ ಇಳಿಸು. ಬಲಕ್ಕೆ ನೋಡು. ಆ ಎಮ್ಮೆಯ ಮನಸ್ಸಿನಲ್ಲಿ ಏನಿದೆ ಯೋಚಿಸು. ಚಿಕ್ಕತ್ತೆ ಎಲ್ಲದಕ್ಕೂ "ಹ್ಞೂಂ" ಎನ್ನುತ್ತ ತಮ್ಮ ಪಾಡಿಗೆ ರಸ್ತೆಯ ಅಂಚು ಹಿಡಿದು, ಉದುರದ ರಾಗಿ ಇದೆಯೇನೋ ಎಂಬಂತೆ ಓಡಿಸುತ್ತಿದ್ದರು. ಗಂಟೆಗೆ ಹದಿನೈದು ಮೈಲಿ.

ಬಿಸಿಲೇರುತ್ತಿದ್ದಂತೆ ಸಲಹೆಗಳ ನಡುವೆ ಅಂತರ ಹೆಚ್ಚಿತು. ಮಿಡಿಗೇಶಿಯ ಹುಣಸೆಮರ ಬಂತು. ನಾನು ನೀರಿನ ಚೀಲಕ್ಕೆ ಕೈಹಾಕಿದೆ. ಮರ ಹಿಂದೆ ಸರಿಯಿತು. ಚಿಕ್ಕತ್ತೆ ತಿರುಗಿಯೂ ನೋಡಲಿಲ್ಲ, ಆದರೆ ಅವರ ಕಿವಿಯ ಓಲೆ ಅಲ್ಲಾಡುತ್ತಿದ್ದ ರೀತಿ ನೋಡಿದರೆ ಒಳಗೇ ನಗುತ್ತಿದ್ದರು. ಮುಂದೆ ಒಂದು ಮೈಲಿಗೆ ಚಿಕ್ಕಮಾವ ಮೆಲ್ಲನೆ ಹೇಳಿದರು, "ಸ್ವಲ್ಪ ನಿಲ್ಲಿಸ್ತೀಯಾ."

"ಇದು ಇಳಿಜಾರು. ಇಳಿಜಾರಲ್ಲಿ ನಿಲ್ಲಿಸಬಾರದು ಅಂತ ನಿಮ್ಮ ಹನ್ನೊಂದನೇ ಸೂತ್ರ."

"ಸೂತ್ರ ಹಾಳಾಗ್ಲಿ. ನಿಲ್ಸೇ."

ನಿಲ್ಲಿಸಿದರು. ಮುಂದಿನದನ್ನು ವಿವರಿಸುವುದು ಬೇಡ. ಮಡ್‌ಗಾರ್ಡ್ ತೊಳೆದದ್ದು ನಾನು.

ಪಾವಗಡ ದಾಟಿ ಕಡಲೆಕಾಯಿ ಹೊಲಗಳ ಕೆಂಪುನೆಲಕ್ಕೆ ಬಂದಾಗ ಚಿಕ್ಕಮಾವ ಮೂರು ಸಲ ಇಳಿದಿದ್ದರು. ಕೈಯಲ್ಲಿ ಚಿಕ್ಕತ್ತೆಯ ಅರ್ಧ ನಿಂಬೆಹಣ್ಣು. ದಾರಿಯ ಬದಿಯಲ್ಲಿ ಕೂತಿದ್ದ ಮುದುಕಿಯೊಬ್ಬಳನ್ನು ಹೊಸಕೋಟೆ ಎಷ್ಟು ದೂರ ಎಂದು ಕೇಳಿದೆ. "ಇಕ್ಕಡೇನಮ್ಮಾ, ವಚ್ಚೇಸಿಂದಿ" ಎಂದಳು ತೆಲುಗಿನಲ್ಲಿ, ಇಲ್ಲೇ, ಬಂದೇಬಿಟ್ಟಿತಂತೆ. ಚಿಕ್ಕಮಾವ ಕಣ್ಣು ಮುಚ್ಚಿಕೊಂಡೇ, "ಕೂತಿದಾಳೋ, ನಿಂತಿದಾಳೋ" ಎಂದು ಕೇಳಿದರು. ಕೂತಿದ್ದಾಳೆ ಎಂದೆ. ನರಳಿದರು.

ಅಕ್ಕನ ಮನೆಯ ಜಗಲಿಯ ಮೇಲೆ ಅವರನ್ನು ಮಲಗಿಸಿ, ಹಣೆಗೆ ಒದ್ದೆ ಟವೆಲು ಹಾಕಿ ನಾವು ಒಳಗೆ ಹೋದೆವು. ಕಿಟಕಿಯ ಪಕ್ಕದ ಮಂಚದ ಮೇಲೆ ಅಕ್ಕ, ಒಂದು ಹಿಡಿಯಾಗಿದ್ದರು. ಚಿಕ್ಕತ್ತೆ ಬಗ್ಗಿದರು. ಅಕ್ಕ ತಂಗಿಯ ತಲೆಯ ಮೇಲೆ ಕೈಯಾಡಿಸಿ, ಬೈತಲೆಯ ಹತ್ತಿರ ಬೆರಳು ನಿಲ್ಲಿಸಿ, "ಬೆಳ್ಳಗಾಗಿಬಿಟ್ಟಿದೆಯಲ್ಲೇ" ಎಂದರು.

"ಧೂಳು ಕಣಕ್ಕ" ಎಂದರು ಚಿಕ್ಕತ್ತೆ. "ದಾರೀಲಿ ಧೂಳು. ಕಾರು ನಾನೇ ಹೊಡ್ಕೊಂಡು ಬಂದೆ."

ಅಕ್ಕ ತಮ್ಮ ಸೆರಗಿನ ತುದಿಯಿಂದ ಆ ಧೂಳನ್ನು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಅದು ಹೋಗಲಿಲ್ಲ. ಅವರೂ ನಿಲ್ಲಿಸಲಿಲ್ಲ.

ನಾನು ಹೊರಗೆ ಬಂದೆ. ಚಿಕ್ಕಮಾವ ಟವೆಲಿನ ಕೆಳಗಿನಿಂದ ಕೇಳಿದರು, "ಕಾನ್ವೆಂಟಮ್ಮ, ಅವಳಿಗೂ ಪ್ರತಿಸಲ ಹಿಂಗೇ ಆಗ್ತಿತ್ತಾ?"

"ಇನ್ನೂ ಜಾಸ್ತಿ, ಮಾವ."

ಟವೆಲನ್ನು ಮಗುಚಿ ಹಾಕಿಕೊಂಡು ಹೇಳಿದರು, "ಒಂದ್ಸಲಾನೂ ಬೈಲಿಲ್ಲವಲ್ಲ."

ಆಮೇಲೆ ತಿಂಗಳಿಗೊಮ್ಮೆ ಹೊಸಕೋಟೆಗೆ ಹೋಗುವುದು ರೂಢಿಯಾಯಿತು. ಮಣೆಗಳ ಮೇಲೆ ಚಿಕ್ಕತ್ತೆ, ಎಡಗಡೆ ಚಿಕ್ಕಮಾವ, ಅವರ ಜುಬ್ಬದ ಜೇಬಿನಲ್ಲಿ ಎರಡು ನಿಂಬೆಹಣ್ಣು. ಸಲಹೆಗಳು ನಿಂತುಹೋಗಿದ್ದವು. ಚಿಕ್ಕತ್ತೆಯ ಕೈ ಎಷ್ಟು ಕುದುರಿತ್ತೆಂದರೆ ಪರೀಕ್ಷೆ ಕೊಟ್ಟು ಪೂರ್ತಿ ಲೈಸೆನ್ಸು ತೆಗೆದುಕೊಳ್ಳಬಹುದು ಎಂದು ತುಮಕೂರಿನಲ್ಲಿ ಯಾರೋ ಹೇಳಿ ಕಳಿಸಿದ್ದರು. ಚಿಕ್ಕಮಾವ ಇವತ್ತು ನಾಳೆ ಎಂದು ದೂಡುತ್ತ, ಕಲಿಯುವವರ ಲೈಸೆನ್ಸನ್ನೇ ಮತ್ತೆ ಮತ್ತೆ ಮಾಡಿಸಿಕೊಂಡು ಬರುತ್ತಿದ್ದರು. ವರ್ಷವಾದರೂ ಕಾರಿನ ಹಿಂದೆ ಆ ಕೆಂಪು ಬೋರ್ಡು ಹಾಗೇ ಇತ್ತು.

ಒಮ್ಮೆ, ಪಾವಗಡದ ಹತ್ತಿರ ಅವರ ಬೆನ್ನು ನೀವುತ್ತ ನಿಂತಿದ್ದಾಗ ನಾನೇ ಕೇಳಿದೆ. "ಇಷ್ಟು ಸಂಕಟ ಪಡೋ ಬದಲು ಪರೀಕ್ಷೆ ಕೊಡಿಸಿಬಿಡಬಾರದಾ ಮಾವ? ಬೋರ್ಡು ತೆಗೆದರೆ ನೀವು ಬರಬೇಕಾದ್ದೇ ಇಲ್ಲ."

ಅವರು ಬಾಯಿ ಒರೆಸಿಕೊಂಡು ಕಾರಿನ ಕಡೆ ನೋಡಿದರು. ಚಿಕ್ಕತ್ತೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಾಯುತ್ತ, ತಮ್ಮಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದರು.

"ಅದಕ್ಕೇ ಕಣಮ್ಮ ತೆಗೆಸ್ತಿಲ್ಲ" ಎಂದರು, ಎರಡನೆಯ ನಿಂಬೆಹಣ್ಣು ಹುಡುಕುತ್ತ.